ಜೀವನಾಂಶದ ‘ಅಂಶ’ ಆಸ್ತಿಯ ಪಾಲಲ್ಲ

‘ಪತ್ನಿಗೆ ಜೀವನಾಂಶವಾಗಿ ಗಂಡನ ಆಸ್ತಿಯಲ್ಲಿ ಅರ್ಧ ಪಾಲು’ ಎಂಬ ಧಾಟಿಯ ತಲೆಬರಹವನ್ನು ಓದಿ ಓದಿ ಬೇಸರವಾಗಿದೆ. ಎರಡು ಬೇರೆ ಹಕ್ಕುಗಳನ್ನು ಅದು ಒಂದೇ ಸಾಲಿನಲ್ಲಿ ಬೆರೆಸಿಬಿಡುತ್ತದೆ. ಅದನ್ನು ನಂಬಿ ಮೇಲ್ಮನವಿಗೆ ಹೊರಡುವವರು ಸಿಗಬಹುದಾದದ್ದನ್ನು ಬಿಟ್ಟು ಸಿಗದಿರುವುದನ್ನು ಕೇಳುತ್ತಾರೆ.

ಗೊಂದಲದ ಬೇರು ಪದದಲ್ಲೇ ಇದೆ. ಸಂಸ್ಕೃತದಲ್ಲಿ ಅಂಶವೆಂದರೆ ಪಾಲು. ತಂದೆಯು ಬದುಕಿರುವಾಗಲೇ ಮಕ್ಕಳಿಗೆ ಸಮನಾಗಿ ಆಸ್ತಿ ಹಂಚಿದರೆ, ಸ್ತ್ರೀಧನ (ಹೆಣ್ಣಿಗೆ ಅವಳ ಸ್ವಂತಕ್ಕೆಂದು ಕೊಟ್ಟ ಒಡವೆ, ಹಣ) ಪಡೆಯದ ಪತ್ನಿಯರನ್ನೂ ‘ಸಮಾಂಶಿಕ’ರನ್ನಾಗಿ, ಅಂದರೆ ಸಮಪಾಲಿನವರನ್ನಾಗಿ, ಮಾಡಬೇಕೆಂದು ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಅಲ್ಲಿಯ ಅಂಶವು ಆಸ್ತಿಯನ್ನೇ ಒಡೆದು ಕೊಡುವ ಹಿಸ್ಸೆ. ಜೀವನಾಂಶದ ಅಂಶವಾದರೋ ಊಟ, ಬಟ್ಟೆ, ವಸತಿ, ಔಷಧಗಳಿಗೆಂದು ಒಬ್ಬರ ಆದಾಯದಿಂದ ಇನ್ನೊಬ್ಬರ ಬದುಕಿಗೆ ಸಲ್ಲುವ ಹಣ. ಹಿಸ್ಸೆ ಪಡೆದವರು ಅದರ ಒಡೆಯರಾಗುತ್ತಾರೆ. ಜೀವನಾಂಶದ ಆದೇಶವನ್ನು ಮಾತ್ರ, 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಂತೆ, ಪರಿಸ್ಥಿತಿ ಬದಲಾದರೆ ನ್ಯಾಯಾಲಯವು ಮಾರ್ಪಡಿಸಬಹುದು, ಅದನ್ನು ಪಡೆಯುವವರು ಮರುಮದುವೆಯಾದರೆ ರದ್ದುಪಡಿಸಲೂಬಹುದು. ಅದೇ ಕಲಮು ಜೀವನಾಂಶದ ಭದ್ರತೆಗಾಗಿ ಸ್ಥಿರಾಸ್ತಿಯ ಮೇಲೆ ಹೊರೆ (ಹಣ ಬಾರದಿದ್ದರೆ ಆ ಆಸ್ತಿಯಿಂದ ವಸೂಲು ಮಾಡುವ ಹಕ್ಕು) ಹಾಕಲು ಅವಕಾಶ ಕೊಡುತ್ತದೆ. ಈ ಹೊರೆಯನ್ನೇ ಪಾಲೆಂದು ತಿಳಿಯುವವರು ಬಹಳ.

ಹಾಗಾದರೆ ಹಂಚಿಕೆಯೇ ಇಲ್ಲವೇ? ಇದೆ, ಆದರೆ ಬಹಳ ಕಿರಿದು. 27ನೇ ಕಲಮು ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರಿದ ವಸ್ತುಗಳನ್ನು ಕುರಿತಷ್ಟೇ ಮಾತನಾಡುತ್ತದೆ. ಗಂಡ ತನ್ನ ಸಂಬಳದಲ್ಲಿ ಕೊಂಡ ನಿವೇಶನವು ಮದುವೆಯಾದ ಕಾರಣಕ್ಕೇ ಅರ್ಧವಾಗುವುದಿಲ್ಲ. ಹೆಂಡತಿಯ ಒಡವೆಗಳಂತೂ ಹಂಚಿಕೆಯ ಲೆಕ್ಕಕ್ಕೇ ಬಾರವು. ಸ್ತ್ರೀಧನ ಅವಳೊಬ್ಬಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ. ಅರ್ಧ ಪಾಲಿನ ಮಾತಿಗೆ ನಿಜವಾದ ನೆಲೆಯಿರುವುದು ನೆರೆಯ ಗೋವಾದಲ್ಲಿ: ಅಲ್ಲಿ ಉಳಿದುಬಂದಿರುವ ಪೋರ್ಚುಗೀಸ್ ನಾಗರಿಕ ಸಂಹಿತೆಯಂತೆ, ಮದುವೆಗೆ ಮೊದಲು ಬೇರೆ ಒಪ್ಪಂದವಾಗಿರದಿದ್ದರೆ, ದಂಪತಿಗಳ ಆಸ್ತಿ ಸಾಮಾನ್ಯವಾಗಿ ಜಂಟಿ.

‘ವ್ಯಾಜ್ಯದ ಖರ್ಚು’ ಎಂಬುದನ್ನೂ ತಪ್ಪಾಗಿ ಬಳಸುವವರಿದ್ದಾರೆ. ಸಾಮಾನ್ಯ ದಾವೆಯಲ್ಲಿ ಸೋತವರು ಗೆದ್ದವರಿಗೆ ಕೊನೆಯಲ್ಲಿ ತುಂಬಿಕೊಡುವ ವೆಚ್ಚ ಬೇರೆ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ ಖರ್ಚಿಗೆ ಸೋಲು ಗೆಲುವಿನ ಸಂಬಂಧವಿಲ್ಲ. ಸಾಕಷ್ಟು ಸ್ವಂತ ಆದಾಯವಿಲ್ಲದ ಕಕ್ಷಿದಾರರು ವಾದ ನಡೆಸಲು ಕೈಯಲ್ಲಿ ಹಣವಿರಲಿ ಎಂದು ಪ್ರಕರಣ ನಡೆಯುತ್ತಿರುವಾಗಲೇ ಕೊಡಿಸುವಂಥದ್ದು ಅದು. ಕೌಟುಂಬಿಕ ನ್ಯಾಯಾಲಯದಲ್ಲಿ ಒಮ್ಮೆ ಪಡೆದಿದ್ದರೂ, ವಿಷಯ ಹೈಕೋರ್ಟಿನ ಮೇಲ್ಮನವಿಗೆ ಹೋದಾಗ ಅಲ್ಲಿಯ ವಕೀಲರ ಶುಲ್ಕಕ್ಕೂ ಓಡಾಟಕ್ಕೂ ಹೊಸದಾಗಿ ಅರ್ಜಿ ಹಾಕಬಹುದು. ಹೆಂಡತಿಯಂತೆಯೇ ಗಂಡನೂ ಹಾಕಬಹುದು.