ಪ್ರೊಸೆಸರಿನ ನಾಡಿ ತಪ್ಪಿದಾಗ

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಕಂಪ್ಯೂಟರ್ ಕೆಟ್ಟಿತೆಂದರೆ, ರಿಪೇರಿ ಅಂಗಡಿಯವರು ಮೊದಲು ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ಆಮೇಲೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪರೀಕ್ಷಿಸುತ್ತಾರೆ. ಎಷ್ಟೋ ಸಲ ದೋಷ ಅಲ್ಲಿಯೇ ಸಿಗುತ್ತದೆ. ಆದರೆ ತಂಪಾದ ಕೋಣೆಯಲ್ಲಿ, ಏರಿಳಿತವಿಲ್ಲದ ವಿದ್ಯುತ್ತಿನಲ್ಲಿ ನಡೆದರೂ ಎರಡು-ಮೂರು ವರ್ಷಗಳಲ್ಲೇ ಕೆಡುವ ಚಿಪ್‌ಗಳೂ ಇವೆ.

ಚಲಿಸುವ ಭಾಗವೇ ಇಲ್ಲದ ಚಿಪ್‌ನಲ್ಲಿ ಸವೆಯುವುದಾದರೂ ಏನು? ತುಂಬಿ ಹರಿಯುವ ಕೃಷ್ಣೆ ಒಂದು ದಂಡೆಯ ಮರಳನ್ನು ಕೊರೆದೊಯ್ದು ಇನ್ನೆಲ್ಲೋ ದಿಬ್ಬ ಹಾಕುವ ಹಾಗೆ, ಚಿಪ್‌ನೊಳಗಿನ ಅತಿ ತೆಳುವಾದ ತಾಮ್ರದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ತಾಮ್ರದ ಪರಮಾಣುಗಳನ್ನು ತಳ್ಳುತ್ತ ಹೋಗುತ್ತವೆ. ಅತ್ತ ಟ್ರಾನ್ಸಿಸ್ಟರಿನ ನಿರೋಧಕ ಪದರದಲ್ಲಿ ವಿದ್ಯುದಾವೇಶ ಸಿಕ್ಕಿಕೊಂಡು, ಅದು ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತದೆ. ಶಾಖವೂ ವೋಲ್ಟೇಜೂ ಈ ಸವೆತವನ್ನು ಚುರುಕುಗೊಳಿಸುತ್ತವೆ. ವಿನ್ಯಾಸಕಾರರು ಇದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಒಂದು ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟ್) ಆ ಲೆಕ್ಕ ತಪ್ಪಿದರೂ ಇಡೀ ಚಿಪ್‌ನ ಆಯುಷ್ಯ ಕುಗ್ಗುತ್ತದೆ.

ನನ್ನ ಗಮನ ಸೆಳೆಯುವ ಸಂಗತಿಯೆಂದರೆ, ಚಿಪ್ ತಯಾರಕ ಇಂಟೆಲ್‌ನ ಚಿಪ್‌ಗಳು ಕೆಟ್ಟ ಮೂರು ದೊಡ್ಡ ಪ್ರಸಂಗಗಳಲ್ಲಿಯೂ ಪೆಟ್ಟು ಬಿದ್ದದ್ದು ಎಲ್ಲ ಕೆಲಸಕ್ಕೂ ತಾಳ ಹಾಕುವ ಕ್ಲಾಕ್ ಮಂಡಲಕ್ಕೆ, ಅಂದರೆ ಚಿಪ್‌ನ ನಾಡಿಗೆ. 2011ರಲ್ಲಿ 6 ಸರಣಿಯ ಚಿಪ್‌ಸೆಟ್‌ನ (ಪ್ರೊಸೆಸರಿಗೆ ಇತರ ಭಾಗಗಳನ್ನು ಜೋಡಿಸುವ ಚಿಪ್) ಕ್ಲಾಕ್ ಮಂಡಲದ ಒಂದು ಟ್ರಾನ್ಸಿಸ್ಟರಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಸಿಕ್ಕು, ಹಾರ್ಡ್‌ಡಿಸ್ಕ್ ಜೋಡಿಸುವ ಕೆಲವು ಸಾಟಾ ಪೋರ್ಟುಗಳು ಸೊರಗತೊಡಗಿದವು. 2017ರಲ್ಲಿ ಬಯಲಾದ, ಆಟಂ ಸಿ2000 ಎಂಬ ಪ್ರೊಸೆಸರ್ ಸರಣಿಯ ದೋಷವಂತೂ ಕ್ಲಾಕ್ ಸಂಕೇತವನ್ನೇ ನಿಲ್ಲಿಸುತ್ತಿತ್ತು. ಆಮೇಲೆ ಯಂತ್ರ ಬೂಟ್ ಆಗುತ್ತಿರಲಿಲ್ಲ.

13 ಮತ್ತು 14ನೇ ಪೀಳಿಗೆಯ ಕೋರ್ ಡೆಸ್ಕ್‌ಟಾಪ್ ಪ್ರೊಸೆಸರುಗಳ ಕಥೆ ಇನ್ನೂ ಸಂಕಟದ್ದು. ಗೇಮ್‌ಗಳು ವಿಡಿಯೊ ಮೆಮೊರಿ ಸಾಲದೆಂಬ ಸಂದೇಶ ತೋರಿಸಿ ಮುಚ್ಚಿಕೊಳ್ಳುತ್ತಿದ್ದುದರಿಂದ, ಸಂಶಯ ಸಹಜವಾಗಿಯೇ ನಿರಪರಾಧಿಯಾದ ಗ್ರಾಫಿಕ್ಸ್ ಕಾರ್ಡಿನತ್ತ ಹೊರಳಿತು. ಕಡೆಗೆ 2024ರ ಸೆಪ್ಟೆಂಬರಿನಲ್ಲಿ ಇಂಟೆಲ್ ಮೂಲ ಕಾರಣವನ್ನು ವಿವರಿಸಿತು: ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಲ್ಲಿ ಕೋರ್‌ನೊಳಗಿನ ಕ್ಲಾಕ್ ಮಂಡಲ ಬೇಗ ಮುಪ್ಪಾಗಿ, ಪ್ರತಿ ಮಿಡಿತದಲ್ಲಿ ಏರು-ಇಳಿವುಗಳ ಕಾಲಪ್ರಮಾಣ ವಾಲುತ್ತಿತ್ತು. ಅದರಿಂದಾಗಿ, ಮೊದಲು ಸಾಕಾಗುತ್ತಿದ್ದ ಕನಿಷ್ಠ ವೋಲ್ಟೇಜ್ ಈಗ ಸಾಲದಾಗುತ್ತಿತ್ತು. ಕೆಲಸ ಹಗುರಾಗಿದ್ದಾಗಲೂ ಚಿಪ್ ಅನಗತ್ಯವಾಗಿ ವೋಲ್ಟೇಜ್ ಕೇಳುತ್ತಿದ್ದುದು ಈ ಸವೆತಕ್ಕೆ ಒಂದು ಕಾರಣ. ಅದೇ ವರ್ಷದ ಆಗಸ್ಟಿನ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ನಿಯಂತ್ರಣ ತಂತ್ರಾಂಶ) ಚಿಪ್‌ನ ವೋಲ್ಟೇಜ್ ಬೇಡಿಕೆಗೆ 1.55 ವೋಲ್ಟಿನ ಮಿತಿ ಹಾಕಿತ್ತು, ಮುಂದಿನದು ಹಗುರ ಕೆಲಸದ ವೇಳೆಯ ಬೇಡಿಕೆಯನ್ನೂ ತಗ್ಗಿಸಿತು. ವಾರಂಟಿಯೂ ಎರಡು ವರ್ಷ ಹೆಚ್ಚಿತು.

ಆದರೆ ಮೈಕ್ರೋಕೋಡ್ ಮುಂದಿನ ಸವೆತವನ್ನು ತಡೆಯಬಲ್ಲುದೇ ಹೊರತು ಆಗಿಹೋದದ್ದನ್ನು ತುಂಬಿಕೊಡಲಾರದು. ಆದ್ದರಿಂದ ಈ ಪೀಳಿಗೆಯ ಯಂತ್ರವಿದ್ದವರು ತೊಂದರೆ ಕಾಣುವ ಮೊದಲೇ, ಹೊಸ ಮೈಕ್ರೋಕೋಡ್ ಹೊತ್ತು ತರುವ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿಕೊಳ್ಳಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಅರ್ಧ ಗಂಟೆಯ ಪರೀಕ್ಷೆ ಸಾಲದು. ಆ ಪ್ರೊಸೆಸರ್ ಹಳೆಯ ಮೈಕ್ರೋಕೋಡ್‌ನಲ್ಲಿ ಎಷ್ಟು ತಿಂಗಳು ನಡೆದಿತ್ತೆಂಬುದನ್ನು ಮಾರುವವರನ್ನೇ ಕೇಳಬೇಕು.