ಜೀವನಚರಿತ್ರೆ ಬರೆಯುವ ಮೊದಲು ಫಸಲಿ ಲೆಕ್ಕ ಕಲಿಯಿರಿ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ದಲಿತ ಹೋರಾಟಗಾರರ ಚರಿತ್ರೆ ಬರೆಯಲು ಕೂತವರು ಮೊದಲು ಎಡವುವುದು ಇಸವಿಯಲ್ಲಿ. ಆಗ ಈ ಸೀಮೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ನಿಜಾಮ್ ಸರ್ಕಾರದ ಕಾಗದಪತ್ರ ಉರ್ದುವಿನಲ್ಲಿರುತ್ತಿತ್ತು, ವರ್ಷ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದು ಅಕ್ಟೋಬರ್ ಮೊದಲ ವಾರ ಆಜೂರ್ ತಿಂಗಳಿಂದ ಶುರು. ಇಸವಿ ತಿಳಿಯಲು ಫಸಲಿ ವರ್ಷಕ್ಕೆ ಆಜೂರ್, ದೈ, ಬಹಮನ್ ಈ ಮೂರು ತಿಂಗಳಲ್ಲಿ 590 ಕೂಡಿಸಿ, ಉಳಿದ ಒಂಬತ್ತರಲ್ಲಿ 591. ಬಹಮನ್ ಕೊನೆಯ ದಿನಗಳು ಜನವರಿಗೆ ಜಾರುತ್ತವೆ, ಅವಕ್ಕೂ 591, ಅಲ್ಲಿ ಎಚ್ಚರ.

ಈ ಒಂದಂಕಿ ಎಷ್ಟು ಕೆಡಿಸಬಲ್ಲದು ನೋಡಿ. ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪರ ನಿಲ್ಲಬಾರದೆಂದು ಅಂಬೇಡ್ಕರ್ ಹೇಳಿಕೆ ಕೊಟ್ಟದ್ದು 1947ರ ನವೆಂಬರಿನಲ್ಲಿ. ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮ್ ನಿಯೋಗದ ಸದಸ್ಯರಾಗಿ ಪ್ಯಾರಿಸ್ಸಿಗೆ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಹೋದದ್ದು 1948ರ ಸೆಪ್ಟೆಂಬರಿನಲ್ಲಿ. ಎರಡೂ 1357 ಫಸಲಿ! ತಿಂಗಳು ಬರೆದುಕೊಳ್ಳದಿದ್ದರೆ ಯಾವುದು ಮೊದಲೆಂಬುದೇ ಅದಲುಬದಲು.

ಶ್ಯಾಮಸುಂದರ್ 1908ರಲ್ಲಿ ಔರಂಗಾಬಾದಿನಲ್ಲಿ ಹುಟ್ಟಿದವರು. 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಎಂಬ ದಲಿತ ಸಂಘಟನೆ ಕಟ್ಟಿದ್ದನ್ನು ಹೆಮ್ಮೆಯಿಂದ ಬರೆದು, ಪ್ಯಾರಿಸ್ ಅಧ್ಯಾಯವನ್ನು ಮೆಲ್ಲಗೆ ದಾಟಿಸಿಬಿಡುವ ಚಾಳಿಯಿದೆ. ದಾಟಿಸಬಾರದು. ಅದಿಲ್ಲದೆ 1948ರ ನಂತರದ ಅವರ ಇಪ್ಪತ್ತು ವರ್ಷ ಅರ್ಥವಾಗದು.

ಹಳೆ ಸಂಸ್ಥಾನದ ಕಡತಗಳಿರುವುದು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ. ಅಲ್ಲಿ ‘ದಲಿತ’ ಎಂದು ಹುಡುಕಿದರೆ ಕೈಗೆ ಏನೂ ಹತ್ತದು, ‘ಪಸ್ತ್ ಅಕ್ವಾಮ್’ (ಕೆಳಜಾತಿಗಳು) ಎಂದು ಕೇಳಬೇಕು. ಉರ್ದು ಬರಹದಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಹಾಕುವುದಿಲ್ಲ. ಒಂದೇ ಹೆಸರನ್ನು ಹಲವು ಬಗೆಯಲ್ಲಿ ಓದಬಹುದು, ಹಾಗಾಗಿ ಊರಿನ ಜೊತೆ ತಾಲೂಕಿನ ಹೆಸರನ್ನೂ ಓದಿಸಿಕೊಳ್ಳಿ. ಬೀದರಿನವರಿಗೆ ಇನ್ನೊಂದು ತಾಪತ್ರಯ: 1956ರಲ್ಲಿ ಜಿಲ್ಲೆ ಒಡೆದು ಉದಗೀರ, ನಿಲಂಗಾ ಆಗಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಅಲ್ಲಿನ ತಾಲೂಕು ಕಚೇರಿಗಳಿಗೂ ಅಲೆಯಬೇಕು.

ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅನುಮಾನಿಸಿ. ಬಹುತೇಕ ಮಾಸ್ತರರ ಅಂದಾಜು ಅದು. ಹಿರಿಯರಿಗೆ ಇಸವಿ ಕೇಳಿ ಫಾಯಿದೆಯಿಲ್ಲ. ‘ರಜಾಕಾರರ ಗದ್ಲಕ್ಕಿಂತ ಮೊದ್ಲೇನ್ರಿ ಮುತ್ಯಾ, ಆಮ್ಯಾಲೇನ್ರಿ?’ ಎಂದರೆ ಥಟ್ಟನೆ ಉತ್ತರ ಬರುತ್ತದೆ. ಅವರು ಹೇಳಿದ್ದನ್ನು ಬೇರೆ ಓಣಿಯ ಇನ್ನೊಬ್ಬರ ಹತ್ತಿರ ತಾಳೆ ನೋಡಿ. ಒಂದೇ ಮನೆಯಲ್ಲಿ ನಾಲ್ವರನ್ನು ಕೇಳಿದರೂ ಕೇಳಿದ್ದು ಒಬ್ಬರನ್ನೇ ಎಂದು ಲೆಕ್ಕ.