ಗಾಡ್ಜಿಲ್ಲಾದ ಮೂರು ಸ್ವರಗಳು: ಅಕಿರಾ ಇಫುಕುಬೆ ಅವರ ಸಂಗೀತ ನಡೆದು ಬಂದ ದಾರಿ

1954ರ ನವೆಂಬರ್ 3ರಂದು ಜಪಾನಿನಲ್ಲಿ ತೆರೆಕಂಡ ‘ಗಾಡ್ಜಿಲ್ಲಾ’ ಚಿತ್ರದ ಆರಂಭದಲ್ಲಿ ಪರದೆಯ ಮೇಲೆ ಕಲಾವಿದರ ಮತ್ತು ತಂತ್ರಜ್ಞರ ಹೆಸರುಗಳಲ್ಲದೆ ಬೇರೇನೂ ಕಾಣುವುದಿಲ್ಲ. ಭಾರವಾದ ಹೆಜ್ಜೆಗಳ ಸದ್ದು ಕೇಳುತ್ತದೆ, ಘರ್ಜನೆ ಕೇಳುತ್ತದೆ, ಅದರ ಬೆನ್ನಿಗೇ ಮೂರು ಇಳಿಸ್ವರಗಳ ಒಂದು ಧಾಟಿ ಪಟ್ಟುಬಿಡದೆ ಸುತ್ತತೊಡಗುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅದು ಡೋ, ಸಿ, ಲಾ; ಕೊನೆಯ ಸ್ವರವನ್ನು ಷಡ್ಜವೆಂದು ಹಿಡಿದರೆ ನಮ್ಮ ಕಿವಿಗೆ ಅದು ಸಾಧಾರಣ ಗಾಂಧಾರದಿಂದ ಇಳಿಯುವ ಗ-ರಿ-ಸ. ಇಂದು ಜಗತ್ತಿನ ಬಹುಪಾಲು ಪ್ರೇಕ್ಷಕರಿಗೆ ಈ ಧಾಟಿಯೆಂದರೆ ಆ ದೈತ್ಯಪ್ರಾಣಿಯೇ. ಆದರೆ ಅದೇ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ: ಶೀರ್ಷಿಕೆಯ ಭಾಗ ಮುಗಿದ ಮೇಲೆ ಈ ಧಾಟಿ ಕೇಳಿಬರುವುದು ಗಾಡ್ಜಿಲ್ಲಾ ಬಂದಾಗಲ್ಲ, ಅದನ್ನು ಎದುರಿಸಲು ಮನುಷ್ಯರ ರಕ್ಷಣಾ ಪಡೆ ಹೊರಟಾಗ. ಮನುಷ್ಯರಿಗಾಗಿ ಬರೆದ ಸಂಗೀತ ಅವರ ಶತ್ರುವಿನ ಗುರುತಾಗಿ ಬದಲಾದದ್ದು ಹೇಗೆ ಎಂಬುದನ್ನು ಅರಿಯಲು ಅದನ್ನು ಬರೆದ ಅಕಿರಾ ಇಫುಕುಬೆ ಅವರ ಇಡೀ ವೃತ್ತಿಜೀವನದ ಜಾಡನ್ನೇ ಹಿಡಿಯಬೇಕಾಗುತ್ತದೆ.

ಇಫುಕುಬೆ ಹುಟ್ಟಿದ್ದು 1914ರ ಮೇ 31ರಂದು, ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ಕುಶಿರೊ ಪಟ್ಟಣದಲ್ಲಿ. ಅವರದು ಪಶ್ಚಿಮ ಜಪಾನಿನ ಪ್ರಾಚೀನ ಶಿಂಟೊ ಪುರೋಹಿತ ಮನೆತನ. ತಂದೆ ಟೊಕಾಚಿ ಬಯಲಿನ ಒಟೊಫುಕೆ ಗ್ರಾಮದ ಮುಖ್ಯಸ್ಥರಾದಾಗ ಬಾಲಕ ಅಕಿರಾ ಅಲ್ಲಿಗೆ ಹೋದ. ಆ ದ್ವೀಪದ ಮೂಲನಿವಾಸಿಗಳಾದ ಐನು ಜನರ ಹಾಡು ಮತ್ತು ಕುಣಿತವನ್ನು ಹತ್ತಿರದಿಂದ ಕಂಡ. ಒಂದೇ ಸಣ್ಣ ಸ್ವರಗುಚ್ಛವನ್ನು ಮತ್ತೆ ಮತ್ತೆ ಹೇಳುತ್ತ, ಹೇಳುತ್ತಲೇ ಅದಕ್ಕೆ ಬಲ ತುಂಬುವ ಅವರ ಗಾಯನಕ್ರಮ, ನೆಲವನ್ನು ತುಳಿದು ಕುಣಿಯುವ ಅವರ ಲಯ, ಇವೆರಡೂ ಮುಂದೆ ಇಫುಕುಬೆ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಉಳಿದವು. ಪುನರಾವರ್ತನೆಯನ್ನು ಕಲ್ಪನೆಯ ಬಡತನವೆಂದು ಕಾಣುವ ವಿಮರ್ಶಕರು ಇಫುಕುಬೆ ಅವರ ವಿಷಯದಲ್ಲಿ ಎಡವಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಅವರಿಗೆ ಪುನರಾವರ್ತನೆಯೇ ಸಂಗೀತ ಬೆಳೆಯುವ ದಾರಿಯಾಗಿತ್ತು.

ಸಂಗೀತಶಾಲೆಯ ಮೆಟ್ಟಿಲನ್ನು ಅವರು ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಹದಿಹರೆಯದಲ್ಲಿ ರಷ್ಯನ್ ಸಂಯೋಜಕ ಸ್ಟ್ರಾವಿನ್ಸ್ಕಿ ಅವರ ಸಂಗೀತ ಕೇಳಿ, ಇದನ್ನು ಸಂಗೀತವೆನ್ನಬಹುದಾದರೆ ತಾನೂ ಬರೆಯಬಲ್ಲೆ ಎಂಬ ಧೈರ್ಯ ಪಡೆದು, ಪುಸ್ತಕಗಳಿಂದ ತಾವಾಗಿಯೇ ಕಲಿತರು. ಸಪ್ಪೊರೊದ ಹೊಕ್ಕೈಡೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಅರಣ್ಯಶಾಸ್ತ್ರ. ಅದೇ ಊರಿನಲ್ಲಿ ಅವರಿಗೆ ಗೆಳೆಯನಾಗಿ ಸಿಕ್ಕವರು ಫುಮಿಯೊ ಹಯಸಾಕಾ. ಅವರೂ ಸ್ವಂತ ಪ್ರಯತ್ನದಿಂದಲೇ ಕಲಿತ ಬಡ ಯುವಕ. ಈ ಇಬ್ಬರೂ ಇತರ ಗೆಳೆಯರೊಂದಿಗೆ ಸೇರಿ ಹೊಸ ಸಂಗೀತದ ಒಂದು ಕೂಟ ಕಟ್ಟಿ, ಟೋಕಿಯೊದಲ್ಲಿಯೂ ಅಪರೂಪವಾಗಿದ್ದ ಸಮಕಾಲೀನ ಯುರೋಪಿನ ಕೃತಿಗಳನ್ನು ಆ ಉತ್ತರದ ಊರಿನಲ್ಲಿ ನುಡಿಸಿದರು. ಇಪ್ಪತ್ತು ವರ್ಷಗಳ ನಂತರ, ಒಂದೇ ವರ್ಷದಲ್ಲಿ, ಒಂದೇ ಟೊಹೊ ಸಂಸ್ಥೆಯ ಎರಡು ಚಿತ್ರಗಳಿಗೆ, ಅಂದರೆ ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ಗೆ ಹಯಸಾಕಾ ಮತ್ತು ‘ಗಾಡ್ಜಿಲ್ಲಾ’ಗೆ ಇಫುಕುಬೆ ಸಂಗೀತ ಬರೆದರು ಎಂಬುದನ್ನು ನೆನೆದರೆ ಆ ಸ್ನೇಹದ ಮಹತ್ವ ತಿಳಿಯುತ್ತದೆ.

1935ರಲ್ಲಿ ಇಫುಕುಬೆ ಅರಣ್ಯಾಧಿಕಾರಿಯಾಗಿ ಅಕ್ಕೆಶಿಯ ಕಾಡಿಗೆ ಹೋದರು. ಅದೇ ವರ್ಷ ರಷ್ಯನ್ ಸಂಯೋಜಕ ಅಲೆಕ್ಸಾಂಡರ್ ಚೆರೆಪ್ನಿನ್ ಜಪಾನಿನ ಸಂಯೋಜಕರಿಗಾಗಿ ಏರ್ಪಡಿಸಿದ, ಪ್ಯಾರಿಸ್‌ನಲ್ಲಿ ತೀರ್ಪು ನಡೆದ ಸ್ಪರ್ಧೆಯಲ್ಲಿ ಅವರ ‘ಜಪಾನೀಸ್ ರಾಪ್ಸಡಿ’ ಮೊದಲ ಬಹುಮಾನ ಗಳಿಸಿತು. ತೀರ್ಪುಗಾರರಲ್ಲಿ ಫ್ರೆಂಚ್ ಸಂಯೋಜಕರಾದ ಆಲ್ಬರ್ಟ್ ರೂಸೆಲ್ ಮತ್ತು ಜಾಕ್ ಇಬೇರ್ ಅವರಂಥವರಿದ್ದರು. ಮರುವರ್ಷ ಆ ಕೃತಿ ಬಾಸ್ಟನ್‌ನಲ್ಲಿ ಮೊದಲ ಬಾರಿಗೆ ನುಡಿಯಿತು. ಜಪಾನಿಗೆ ಬಂದ ಚೆರೆಪ್ನಿನ್ ಅವರ ಬಳಿ ಕೆಲಕಾಲ ಪಾಠ ಹೇಳಿಸಿಕೊಂಡದ್ದನ್ನು ಬಿಟ್ಟರೆ ಇಫುಕುಬೆ ಅವರಿಗೆ ಬೇರೆ ಗುರುವಿರಲಿಲ್ಲ. ಯುರೋಪಿನ ವ್ಯಾಕರಣವನ್ನು ಅನುಕರಿಸುವ ಬದಲು ತನ್ನ ನೆಲದ ಧ್ವನಿಯನ್ನೇ ನಂಬಬೇಕೆಂಬ ಅವರ ನಿಲುವಿಗೆ ಚೆರೆಪ್ನಿನ್ ಅವರಿಂದ ಬೆಂಬಲ ಸಿಕ್ಕಿತು. ಟೋಕಿಯೊದ ಪ್ರತಿಷ್ಠಿತರ ವಲಯಕ್ಕೆ ಆ ನಿಲುವು ಒರಟಾಗಿ ಕಂಡಿತು.

ಯುದ್ಧದ ವರ್ಷಗಳು ಈ ಕಥೆಯ ಅತ್ಯಂತ ಭಾರವಾದ ಭಾಗ. ಅಣ್ಣ ಇಸಾವೊ ಸೇನೆಗಾಗಿ ಹೊಳೆಯುವ ಬಣ್ಣಗಳ ಸಂಶೋಧನೆಯಲ್ಲಿ ತೊಡಗಿದ್ದಾಗ 1942ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಇಫುಕುಬೆ ಮರುವರ್ಷ ‘ಬಲ್ಲಾಟಾ ಸಿನ್ಫೊನಿಕಾ’ ಬರೆದರು. ಮರದ ವಿಮಾನಗಳಿಗೆ ಬೇಕಾದ ಗಟ್ಟಿ ಮರವನ್ನು ಸಿದ್ಧಪಡಿಸುವ ಸಂಶೋಧನೆಗೆ ಸ್ವತಃ ಅವರನ್ನೂ ನೇಮಿಸಲಾಗಿತ್ತು. ಸಾಮಗ್ರಿಗಳ ಕೊರತೆಯ ಆ ದಿನಗಳಲ್ಲಿ ತಕ್ಕ ರಕ್ಷಣೆಯಿಲ್ಲದೆ ಎಕ್ಸ್-ರೇ ಬಳಸಿ ಕೆಲಸ ಮಾಡಿದ ಪರಿಣಾಮವಾಗಿ, ಯುದ್ಧ ಮುಗಿಯುವ ಹೊತ್ತಿಗೆ ಅವರು ವಿಕಿರಣದಿಂದ ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಯುದ್ಧ ಗೆದ್ದ ಅಮೆರಿಕದ ಸೇನಾಧಿಕಾರಿ ಜನರಲ್ ಮೆಕಾರ್ಥರ್ ಜಪಾನಿನ ಅತ್ಸುಗಿ ವಿಮಾನ ನಿಲ್ದಾಣದಲ್ಲಿ ಇಳಿದ ಸಂದರ್ಭದ ರೇಡಿಯೊ ಪ್ರಸಾರದಲ್ಲಿ, 1943ರಲ್ಲಿ ಜಪಾನಿನ ನೌಕಾಪಡೆಗಾಗಿ ತಾವೇ ಬರೆದಿದ್ದ ‘ಕಿಶ್ಶಿ ಮಾಯ್’ ಎಂಬ ಮೆರವಣಿಗೆಯ ಸಂಗೀತ ಕೇಳಿಬಂದುದನ್ನು ಅವರು ಆ ಹಾಸಿಗೆಯಿಂದಲೇ ಗುರುತಿಸಿದರು. ಒಂದು ಸಂಗೀತ ಒಬ್ಬರಿಗಾಗಿ ಹುಟ್ಟಿ ಇನ್ನೊಬ್ಬರ ಸೇವೆಗೆ ಸಲ್ಲುವುದನ್ನು ಅವರು ಹೀಗೆ ಮೊದಲೇ ಅನುಭವಿಸಿದ್ದರು.

ಕಾಯಿಲೆ ಅವರನ್ನು ವಿಜ್ಞಾನದಿಂದ ಬಿಡಿಸಿ ಸಂಗೀತಕ್ಕೆ ಪೂರ್ತಿಯಾಗಿ ಕೊಟ್ಟಿತು. 1946ರಲ್ಲಿ ಅವರು ಟೋಕಿಯೊ ಸಂಗೀತ ಶಾಲೆಯಲ್ಲಿ ಬೋಧಕರಾದರು. ಯಸುಶಿ ಅಕುತಗಾವಾ ಮತ್ತು ತೊಶಿರೊ ಮಯುಝುಮಿ ಅವರ ಮೊದಲ ಶಿಷ್ಯರ ಸಾಲಿನಲ್ಲಿದ್ದವರು. ಆದರೆ ಬೋಧಕನ ಸಂಬಳದಿಂದ ಸಂಸಾರ ಸಾಗುವ ಕಾಲ ಅದಲ್ಲ. 1947ರಲ್ಲಿ ಸೆಂಕಿಚಿ ತಾನಿಗುಚಿ ನಿರ್ದೇಶಿಸಿದ ‘ಗಿನ್ರೆಯ್ ನೊ ಹತೆ’ ಅವರ ಮೊದಲ ಚಿತ್ರವಾಯಿತು. ಕುರೊಸಾವಾ ಚಿತ್ರಕಥೆಯಲ್ಲಿ ಪಾಲ್ಗೊಂಡಿದ್ದ, ನಟ ತೊಶಿರೊ ಮಿಫುನೆ ಮೊದಲು ಕಾಣಿಸಿಕೊಂಡ ಚಿತ್ರ ಅದು. ಹಿಮದ ಮೇಲೆ ಉತ್ಸಾಹದಿಂದ ಜಾರುವ ದೃಶ್ಯಕ್ಕೆ ನಿರ್ದೇಶಕರು ಗೆಲುವಾದ ಸಂಗೀತ ಬಯಸಿದರು. ಇಫುಕುಬೆ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯದ ಒಂಟಿ ರಾಗವೊಂದನ್ನು ತಂದರು. ಆ ಸಂತೋಷದ ಹಿಂದಿರುವ ದುರಂತ ಪ್ರೇಕ್ಷಕನಿಗೆ ಮೊದಲೇ ಗೊತ್ತು ಎಂಬುದು ಅವರ ವಾದ. ಜಗಳ ಬಹುಹೊತ್ತು ನಡೆಯಿತು. ಕೊನೆಗೆ ಉಳಿದದ್ದು ಅವರ ರಾಗವೇ.

ಈ ಘಟನೆಯನ್ನು ಹೊಸಬನ ಹಟವೆಂದು ತಳ್ಳಿಹಾಕುವಂತಿಲ್ಲ. ಚಿತ್ರಸಂಗೀತಕ್ಕೆ ನಾಲ್ಕು ಕೆಲಸಗಳಿವೆ ಎಂದು ಅವರು ಮುಂದೆ ವಿವರಿಸುತ್ತಿದ್ದರು. ಕಥೆ ನಡೆಯುವ ಕಾಲ ಮತ್ತು ಸ್ಥಳವನ್ನು ಗುರುತಿಸುವುದು, ದೃಶ್ಯದ ಭಾವವನ್ನು ಗಾಢಗೊಳಿಸುವುದು, ಬಿಡಿ ದೃಶ್ಯಗಳು ಒಂದೇ ಘಟನೆಗೆ ಸೇರಿದವೆಂದು ತೋರಿಸುವುದು, ಇವು ಮೂರು. ನಾಲ್ಕನೆಯದು, ಚಿತ್ರವೇ ಸಂಗೀತವನ್ನು ಕೇಳುವಂಥ, ಮಾತು ಮತ್ತು ಕಥೆ ಹಿಂದೆ ಸರಿದು ಬಿಂಬ ಮಾತ್ರ ಉಳಿಯುವ ಕ್ಷಣಗಳಿಗೆ ಸಂಬಂಧಿಸಿದ್ದು. ಅವರ ಶ್ರೇಷ್ಠ ಕೆಲಸವೆಲ್ಲ ಈ ನಾಲ್ಕನೆಯದರಲ್ಲಿದೆ.

1952ರಲ್ಲಿ ಕಾನೆತೊ ಶಿಂದೊ ಅವರ ‘ಚಿಲ್ಡ್ರನ್ ಆಫ್ ಹಿರೊಶಿಮಾ’ ಚಿತ್ರಕ್ಕೆ ಇಫುಕುಬೆ ಸಂಗೀತ ನೀಡಿದರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ಹಡಗೊಂದರ ಮೇಲೆ ಬಿದ್ದು, ಅದರ ಸಿಬ್ಬಂದಿ ವಿಕಿರಣಕ್ಕೆ ಒಳಗಾದರು. ಆ ವರ್ಷವೇ ನಿರ್ಮಾಪಕ ತೊಮೊಯುಕಿ ತನಾಕಾ, ನಿರ್ದೇಶಕ ಇಶಿರೊ ಹೋಂಡಾ ಮತ್ತು ವಿಶೇಷ ಪರಿಣಾಮಗಳ ತಜ್ಞ ಎಯ್ಜಿ ತ್ಸುಬುರಾಯಾ, ಬಾಂಬ್ ಪರೀಕ್ಷೆಯಿಂದ ಎಚ್ಚೆತ್ತು ನಗರವನ್ನು ತುಳಿಯುವ ಪ್ರಾಣಿಯೊಂದರ ಚಿತ್ರವನ್ನು ಕೈಗೆತ್ತಿಕೊಂಡರು. ಇಂಥ ಚಿತ್ರಕ್ಕೆ ಸಂಗೀತ ಬರೆದರೆ ಗಂಭೀರ ಸಂಯೋಜಕನೆಂಬ ಹೆಸರು ಹೋಗುತ್ತದೆಂದು ಆಪ್ತರು ಎಚ್ಚರಿಸಿದರೂ ಇಫುಕುಬೆ ಒಪ್ಪಿದರು. ವಿಕಿರಣದ ಹೊಡೆತವನ್ನು ಸ್ವಂತ ದೇಹದಲ್ಲಿ ಬಲ್ಲ, ವಿಜ್ಞಾನದಲ್ಲಿ ತರಬೇತಿ ಪಡೆದ ಒಬ್ಬ ಸಂಯೋಜಕನಿಗೆ ಅದು ಮಕ್ಕಳ ಕಥೆಯಾಗಿ ಕಾಣುವುದು ಸಾಧ್ಯವಿರಲಿಲ್ಲ.

ಆ ಘರ್ಜನೆಯೂ ಅವರದೇ. ಪ್ರಾಣಿಗಳ ಕೂಗನ್ನು ಧ್ವನಿಮುದ್ರಿಸಿ ನೋಡಿದ ಪ್ರಯತ್ನಗಳು ಸೋತಾಗ, ಅವರು ತಗ್ಗು ಸ್ವರಗಳ ದೊಡ್ಡ ತಂತಿವಾದ್ಯವಾದ ಕಾಂಟ್ರಾಬಾಸ್‌ನ ತಂತಿಯನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದನ್ನು ಉದ್ದಕ್ಕೂ ಉಜ್ಜಿಸಿದರು. ಹಾಗೆ ಮುದ್ರಿಸಿದ ಸದ್ದನ್ನು ವೇಗ ಬದಲಿಸಿ ನುಡಿಸಿದಾಗ, ಯಾವ ಜೀವಿಯದೂ ಅಲ್ಲದ, ಆದರೂ ನೋವಿನಿಂದ ತುಂಬಿದಂತಿರುವ ಒಂದು ಕೂಗು ಸಿಕ್ಕಿತು. ಸಂಗೀತ ಮತ್ತು ಸದ್ದು ಒಂದೇ ಕೈಯಿಂದ ಬಂದ ಕಾರಣ ಇಡೀ ಚಿತ್ರದ ಶ್ರವಣಕ್ಕೆ ಒಂದು ಏಕತೆಯಿದೆ.

ಹಾಗಿದ್ದರೆ ಆ ಗ-ರಿ-ಸ? ಅದು ಈ ಚಿತ್ರಕ್ಕಾಗಿ ಹುಟ್ಟಿದ್ದಲ್ಲ. 1948ರ ತಮ್ಮ ವಯಲಿನ್ ಮತ್ತು ವಾದ್ಯವೃಂದದ ಕೃತಿಯಲ್ಲಿ ಇಫುಕುಬೆ ಇದೇ ಸ್ವರಗುಚ್ಛವನ್ನು ಬಳಸಿದ್ದರು. ಅವರು ಮೆಚ್ಚಿದ್ದ ಫ್ರೆಂಚ್ ಸಂಯೋಜಕ ರವೆಲ್ ಅವರ ಜಿ ಮೇಜರ್ ಪಿಯಾನೊ ಕಾನ್ಸರ್ಟೊದ ಕೊನೆಯ ಭಾಗದಲ್ಲಿ ಇದಕ್ಕೆ ಹತ್ತಿರದ ಧಾಟಿಯೊಂದು ಬರುತ್ತದೆ. ಚಿತ್ರದಲ್ಲಿ ಅವರು ಮಾಡಿದ್ದು ಅದರ ಲಯವನ್ನು ಬಿಗಿಗೊಳಿಸಿದ ಕೆಲಸ: ನಾಲ್ಕು ಮಾತ್ರೆಗಳ ಗುಂಪಿಗೆ ಐದರ ಗುಂಪು ತಗುಲಿ, ಸೈನ್ಯದ ಹೆಜ್ಜೆಯಂತೆ ಕೇಳುವ ಸಂಗೀತಕ್ಕೆ ಯಾವ ಸೈನ್ಯವೂ ಹೆಜ್ಜೆ ಹಾಕಲಾರದಂತೆ ಆಗುತ್ತದೆ. ಗಾಡ್ಜಿಲ್ಲಾಗೆ ಬೇರೆಯೇ ಸಂಗೀತವಿದೆ. ಅದು ತಗ್ಗಿನ ಹಿತ್ತಾಳೆ ವಾದ್ಯಗಳು ತೆವಳುವಂತೆ ನುಡಿಯುವ, ಭಾರವಾದ ಸಂಗೀತ. ಯುದ್ಧನೌಕೆಗಳು ಹೊರಡುವ ದೃಶ್ಯಕ್ಕೆ ಅವರು ತಮ್ಮ ಹಳೆಯ ‘ಕಿಶ್ಶಿ ಮಾಯ್’ಯನ್ನೇ ಮತ್ತೆ ತಂದರು. ಟೋಕಿಯೊ ಸುಟ್ಟುಹೋದ ಮೇಲೆ ಶಾಲಾ ಬಾಲಕಿಯರು ಶಾಂತಿಗಾಗಿ ಹಾಡುವ ಪ್ರಾರ್ಥನೆಯನ್ನೂ, ಕೊನೆಯಲ್ಲಿ ಸಮುದ್ರದ ತಳದಲ್ಲಿ ಪ್ರಾಣಿಯೂ ವಿಜ್ಞಾನಿಯೂ ಒಟ್ಟಿಗೆ ಸಾಯುವಾಗಿನ ಶೋಕಗೀತದಂಥ ನಿಧಾನ ಸಂಗೀತವನ್ನೂ ಕೇಳಿದವರು ಇದನ್ನು ಭಯದ ಚಿತ್ರವೆಂದಷ್ಟೇ ಕರೆಯಲಾರರು. ಎರಡು ವರ್ಷಗಳ ನಂತರ ಕೋನ್ ಇಚಿಕಾವಾ ಅವರ ‘ದಿ ಬರ್ಮೀಸ್ ಹಾರ್ಪ್’ ಚಿತ್ರಕ್ಕೆ, ಸತ್ತ ಸೈನಿಕರನ್ನು ಹೂಳಲು ಉಳಿದುಕೊಳ್ಳುವ ಒಬ್ಬನ ಕಥೆಗೆ, ಅವರು ಬರೆದ ಸಂಗೀತ ಇದೇ ದುಃಖದ ಮುಂದುವರಿಕೆ.

ಮುಂದಿನ ಎರಡು ದಶಕಗಳಲ್ಲಿ ಕೆಲಸದ ಪ್ರಮಾಣ ಅಗಾಧವಾಯಿತು. ಒಟ್ಟು ವೃತ್ತಿಜೀವನದಲ್ಲಿ ಅವರು 250ಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ನೀಡಿದರು: ‘ರೋಡಾನ್’, ‘ಝಟೊಇಚಿ’ ಸರಣಿಯ ಮೊದಲ ಚಿತ್ರ, ಟೊಯೆಯ್ ಸಂಸ್ಥೆಯ ಒಂದು ಆನಿಮೇಷನ್ ಚಿತ್ರ, ‘ಡೈಮಾಜಿನ್’. ಗೌತಮ ಬುದ್ಧನ ಜೀವನ ಕುರಿತು 1961ರಲ್ಲಿ ಡೈಯೆಯ್ ಸಂಸ್ಥೆ ತಯಾರಿಸಿದ, ಜಪಾನಿನ ಮೊದಲ 70 ಎಂಎಂ ಚಿತ್ರವಾದ ‘ಶಾಕಾ’ದ ಸಂಗೀತವೂ ಅವರದೇ, ಆ ವಸ್ತುವನ್ನು ಅವರು 1989ರಲ್ಲಿ ಗಾಯಕವೃಂದ ಮತ್ತು ವಾದ್ಯವೃಂದದ ಕೃತಿಯಾಗಿ ಬೆಳೆಸಿದರು. ಒಂದೇ ಧಾಟಿ ಹಲವು ಚಿತ್ರಗಳಲ್ಲಿ ಮರಳಿ ಬರುತ್ತದೆಂಬ ಆಕ್ಷೇಪ ಆಗಲೇ ಇತ್ತು. ಅವಸರ ಅದಕ್ಕೊಂದು ಕಾರಣವಿರಬಹುದು. ಆದರೆ ಸಭಾಂಗಣದ ಕೃತಿಯಿಂದ ಚಿತ್ರಕ್ಕೂ ಚಿತ್ರದಿಂದ ಸಭಾಂಗಣಕ್ಕೂ ಹೀಗೆ ಹರಿದಾಡಿದ ಸಂಗೀತವನ್ನು ನೋಡಿದರೆ, ಅವರಿಗೆ ಇವೆರಡರ ನಡುವೆ ಮೇಲು-ಕೀಳು ಇರಲಿಲ್ಲವೆಂಬುದೇ ಹೆಚ್ಚು ನಿಜವೆನ್ನಿಸುತ್ತದೆ.

ಮೊದಲ ಚಿತ್ರದ ಶೀರ್ಷಿಕೆಯಲ್ಲಿ ಘರ್ಜನೆಯೂ ಆ ಧಾಟಿಯೂ ಒಂದರ ಹಿಂದೊಂದು ಬಂದದ್ದರಿಂದ ಪ್ರೇಕ್ಷಕರ ನೆನಪಿನಲ್ಲಿ ಅವು ಬೆಸೆದುಹೋಗಿದ್ದವು. ಸರಣಿ ಮುಂದುವರಿದಂತೆ ಗಾಡ್ಜಿಲ್ಲಾ ವಿನಾಶಕನ ಪಾತ್ರ ಬಿಟ್ಟು ಮಕ್ಕಳ ಅಚ್ಚುಮೆಚ್ಚಿನ ರಕ್ಷಕನಾಗುತ್ತ ಬಂತು. 1975ರಲ್ಲಿ ಹೋಂಡಾ ನಿರ್ದೇಶಿಸಿದ ‘ಟೆರರ್ ಆಫ್ ಮೆಕಾಗಾಡ್ಜಿಲ್ಲಾ’ಗೆ ಮರಳಿದ ಇಫುಕುಬೆ, ನಗರವನ್ನು ಕಾಯಲು ಬರುವ ಗಾಡ್ಜಿಲ್ಲಾಗೆ ಅಂದು ಮನುಷ್ಯರ ಪಡೆಗೆ ಕೊಟ್ಟಿದ್ದ ಧಾಟಿಯನ್ನೇ ಕೊಟ್ಟರು. ರಕ್ಷಕರ ಸಂಗೀತ ಹೊಸ ರಕ್ಷಕನಿಗೆ ಸಂದಿತು. ಹಾಗೆ ನೋಡಿದರೆ ಅದು ತನ್ನ ಮೂಲ ಅರ್ಥವನ್ನು ಬಿಟ್ಟಿರಲಿಲ್ಲ. ಆದರೆ ಆ ಚಿತ್ರದೊಂದಿಗೆ ಸರಣಿ ಒಂಬತ್ತು ವರ್ಷ ನಿಂತುಹೋಯಿತು.

ಅವರೂ ಬೋಧನೆಗೆ ಹಿಂದಿರುಗಿದರು. 1976ರಿಂದ 1987ರವರೆಗೆ ಟೋಕಿಯೊ ಸಂಗೀತ ಕಾಲೇಜಿನ ಅಧ್ಯಕ್ಷರಾಗಿದ್ದರು. ಈ ನಡುವೆ ಚಿತ್ರಮಂದಿರದಲ್ಲಿ ಅವರ ಸಂಗೀತ ಕೇಳಿ ಬೆಳೆದ ಮಕ್ಕಳು ದೊಡ್ಡವರಾಗಿ, ಅದನ್ನು ಸಂಗೀತವಾಗಿಯೇ ಕೇಳಬೇಕೆಂದು ಬಯಸಿದರು. ಆ ಒತ್ತಾಯದಿಂದ ಹುಟ್ಟಿದ ಮೂರು ‘ಸಿಂಫೋನಿಕ್ ಫ್ಯಾಂಟಸಿಯಾ’ಗಳು 1983ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಮೊದಲ ಬಾರಿಗೆ ನುಡಿದಾಗ, ಸಿನಿಮಾಕ್ಕೆ ಬರೆದದ್ದು ಸಭಾಂಗಣಕ್ಕೆ ಬಂತು. 1984ರಲ್ಲಿ ಸರಣಿ ಮತ್ತೆ ಆರಂಭವಾದಾಗ ಅವರು ಜೊತೆಗಿರಲಿಲ್ಲ. 1991ರಲ್ಲಿ, 77ರ ವಯಸ್ಸಿನಲ್ಲಿ, ಮರಳಿದರು. ಅಷ್ಟರಲ್ಲಿ ಆ ಮೂರು ಸ್ವರಗಳು ಪೂರ್ತಿಯಾಗಿ ಗಾಡ್ಜಿಲ್ಲಾದವು ಆಗಿಬಿಟ್ಟಿದ್ದವು. ಸೈನ್ಯಕ್ಕೆ ಅವರು ಬೇರೆ ಮೆರವಣಿಗೆಗಳನ್ನು ಉಳಿಸಿಕೊಂಡರು. 1995ರ ‘ಗಾಡ್ಜಿಲ್ಲಾ ವರ್ಸಸ್ ಡೆಸ್ಟೊರೊಯಾ’ದಲ್ಲಿ ಪ್ರಾಣಿ ಸಾಯುತ್ತದೆಂದು ತಿಳಿದು, ಅದರ ಹುಟ್ಟಿಗೆ ಜೊತೆಯಾಗಿದ್ದ ತಾವೇ ಸಾವಿಗೂ ಸಂಗೀತ ಬರೆಯಬೇಕೆಂದು ಒಪ್ಪಿಕೊಂಡರು. ಅಲ್ಲಿನ ಶೋಕಗೀತದಲ್ಲಿ ವಾದ್ಯವೃಂದ ಒಂದು ಜೀವಕ್ಕೆ ಸಲ್ಲಬೇಕಾದ ಗೌರವವನ್ನೆಲ್ಲ ಸಲ್ಲಿಸುತ್ತದೆ.

2006ರ ಫೆಬ್ರವರಿ 8ರಂದು, 91ನೆಯ ವಯಸ್ಸಿನಲ್ಲಿ, ಇಫುಕುಬೆ ಟೋಕಿಯೊದಲ್ಲಿ ನಿಧನರಾದರು. 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿಯೂ, ವಿಶೇಷ ಪರಿಣಾಮಗಳಿಗಾಗಿ ಆಸ್ಕರ್ ಪಡೆದ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ದಲ್ಲಿಯೂ ಹೊಸ ಸಂಯೋಜಕರು ತಮ್ಮ ಸಂಗೀತದ ನಡುವೆ ಅವರ ಧಾಟಿಗಳಿಗೆ ಜಾಗ ಬಿಟ್ಟಿದ್ದಾರೆ. ಇದು ಸಂತೋಷದ ವಿಷಯವೇ. ಆದರೂ ‘ಗಾಡ್ಜಿಲ್ಲಾ’ ತೆರೆಕಂಡ 1954ರಲ್ಲಿಯೇ ಐನು ಕುಣಿತದ ನೆನಪಿನಲ್ಲಿ ಅವರು ಮುಗಿಸಿದ ‘ಸಿನ್ಫೊನಿಯಾ ತಪ್ಕಾರಾ’ ಜಪಾನಿನ ಹೊರಗೆ ಇಷ್ಟು ಕಡಿಮೆ ಕೇಳಿಬರುವುದು ನ್ಯಾಯವಲ್ಲ. ದ್ಮಿತ್ರಿ ಯಾಬ್ಲೊನ್ಸ್ಕಿ ಅವರ ನಿರ್ದೇಶನದಲ್ಲಿ ರಷ್ಯನ್ ವಾದ್ಯವೃಂದವೊಂದು ನಾಕ್ಸೋಸ್ ಸಂಸ್ಥೆಗಾಗಿ ಧ್ವನಿಮುದ್ರಿಸಿದ ಒಂದೇ ಸಿ.ಡಿ.ಯಲ್ಲಿ ಆ ಸಿಂಫನಿ, ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ‘ರಿತ್ಮಿಕಾ ಓಸ್ತಿನಾತಾ’ ಹಾಗೂ ಮೊದಲ ‘ಸಿಂಫೋನಿಕ್ ಫ್ಯಾಂಟಸಿಯಾ’ ಮೂರೂ ಇವೆ. ಇಫುಕುಬೆ ಅವರನ್ನು ಹೊಸದಾಗಿ ಕೇಳಹೊರಟವರು ಗಾಡ್ಜಿಲ್ಲಾದ ಧಾಟಿಯಿರುವ ಫ್ಯಾಂಟಸಿಯಾವನ್ನು ಕೊನೆಗಿಟ್ಟುಕೊಂಡು, ‘ತಪ್ಕಾರಾ’ದ ಮೂರನೆಯ ಭಾಗದಿಂದ ಆರಂಭಿಸಬಹುದು.